ಅರ್ಥವಾಯಿತು ಎಂಬುದಕ್ಕೆ ಸಾಕ್ಷಿ

"ನಿಮಗೆ ಕನ್ನಡ ಓದೋಕೆ ಬರುತ್ತಲ್ವಾ? ಸ್ವಲ್ಪ ಹೊತ್ತು ಒಳಗೆ ಬರ್ತೀರಾ?"

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರು. ಮನೆಯವರೊಬ್ಬರನ್ನು ಕರೆಂಟು, ಅಂದರೆ ವಿಕಿರಣ, ಕೊಡುವ ಕೋಣೆಗೆ ಕಳಿಸಿ ನೀವು ಬೆಂಚಿನ ಮೇಲೆ ಕೂತಿದ್ದೀರಿ. ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಇಲ್ಲಿಗೆ ಬರಬೇಕು. ಹೀಗೆ ಆರು ವಾರ. ಎದುರಿಗೆ ಬಂದು ನಿಂತ ಯುವತಿ ಟ್ರಯಲ್ ಕೋಆರ್ಡಿನೇಟರ್. ಒಳಗೆ ಓದುಬರಹ ಬಾರದ ರೋಗಿಯೊಬ್ಬರಿದ್ದಾರೆ. ಅಂಥವರನ್ನು ಔಷಧ ಸಂಶೋಧನೆಗೆ ಸೇರಿಸಿಕೊಳ್ಳುವಾಗ ಈ ಸಂಶೋಧನೆಗೆ ಸಂಬಂಧವೇ ಇಲ್ಲದ ಒಬ್ಬರು ಪಕ್ಕದಲ್ಲಿ ಕೂತು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ರುಜು ಹಾಕಬೇಕು. 2019ರ ಮಾರ್ಚಿನಲ್ಲಿ ಜಾರಿಗೆ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅವರು ನಿಷ್ಪಕ್ಷಪಾತ ಸಾಕ್ಷಿ. ಆ ಸಾಕ್ಷಿ ಈಗ ನೀವು.

ಏಳಿ, ಹೋಗೋಣ.

ಬಾಗಿಲ ಹೊರಗೇ ಡಾಕ್ಟರನ್ನು ಒಬ್ಬ ಹುಡುಗ ತಡೆದು ನಿಲ್ಲಿಸಿದ್ದಾನೆ. ಹಾವೇರಿ ಕಡೆಯವನು, ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ದುಡಿಯುವವನು. ದನಿ ತಗ್ಗಿಸಿದ್ದರೂ ನಿಮಗೆ ಕೇಳಿಸುತ್ತಿದೆ.

"ಸಾಹೇಬ್ರ, ಅವ್ವಗ ಕ್ಯಾನ್ಸರ್ ಅಂತ ಗೊತ್ತೈತ್ರಿ. ಆದ್ರ ಇದು ಪೂರಾ ಗುಣ ಆಗೂದಿಲ್ಲ ಅನ್ನೂದನ್ನ ಹೇಳಿಲ್ರಿ. ನೀವೂ ಹೇಳಬ್ಯಾಡ್ರಿ."

"ಅದನ್ನ ಮುಚ್ಚಿಟ್ಟು ಇದಕ್ಕೆ ಒಪ್ಪಿಗೆ ಕೇಳೋಕಾಗಲ್ಲಪ್ಪ," ಎನ್ನುತ್ತಾರೆ ಡಾಕ್ಟರು. "ಗುಣ ಮಾಡೋ ಔಷಧ ಇದೆ ಅಂದ್ಕೊಂಡವರು ಹೊಸ ಔಷಧ ತಗೋಬೇಕೋ ಬೇಡವೋ ಅಂತ ಹೇಗೆ ಯೋಚನೆ ಮಾಡ್ತಾರೆ?"

ಹುಡುಗ ಸುಮ್ಮನಾಗುತ್ತಾನೆ. ಅವನು ಮಾಡಿದ್ದು ನಮ್ಮಲ್ಲಿ ಬಹಳಷ್ಟು ಮನೆಗಳು ಮಾಡುವುದನ್ನೇ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಡಾಕ್ಟರು ಹೇಳಿದ್ದು ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಯವರು ಏನನ್ನೂ ಮುಚ್ಚಿಡದ ಕಡೆಯೂ ಈ ಒಂದು ಮಾತು ರೋಗಿಯ ಮನಸ್ಸಿಗೆ ಇಳಿಯುವುದು ಕಷ್ಟ. ಅಮೆರಿಕದಲ್ಲಿ ಕೀಮೋ ತೆಗೆದುಕೊಂಡ, ರೋಗ ಬೇರೆ ಅಂಗಗಳಿಗೂ ಹರಡಿದ್ದ ರೋಗಿಗಳನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶೇ 69, ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ ಶೇ 81 ಮಂದಿಗೆ ಆ ಕೀಮೋದಿಂದ ರೋಗ ಗುಣವಾಗುವ ಸಂಭವವಿಲ್ಲ ಎಂಬುದು ತಿಳಿದಿರಲಿಲ್ಲ.

ಒಳಗೆ ಸಣ್ಣ ಕೋಣೆ. ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಆ ಕ್ಯಾಮೆರಾ ಸುಮ್ಮನೆ ಬಂದದ್ದಲ್ಲ. ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2013ರಲ್ಲಿ, ಒಪ್ಪಿಗೆ ಪಡೆಯುವುದನ್ನು ಚಿತ್ರೀಕರಿಸಬೇಕೆಂಬ ಆದೇಶ ಹೊರಬಿತ್ತು. ಈಗಿನ ನಿಯಮದಲ್ಲಿ ಅದು ಹೊಚ್ಚಹೊಸ ಔಷಧದ ಟ್ರಯಲ್‌ಗೆ ಸೇರುವ ದುರ್ಬಲ ಸ್ಥಿತಿಯವರಿಗೆ ಅನ್ವಯಿಸುತ್ತದೆ. ಬರೀ ವಿವರಣೆ ಕೊಟ್ಟದ್ದು ದಾಖಲಾದರೆ ಸಾಲದು, ಕೇಳಿದವರಿಗೆ ಅರ್ಥವಾದದ್ದೂ ಅದರಲ್ಲಿ ಇರಬೇಕು ಎನ್ನುತ್ತದೆ ನಿಯಮ.

ಕ್ಯಾಮೆರಾದ ಎದುರು ಕೂತಿರುವವರಿಗೆ ಐವತ್ತು ದಾಟಿರಬಹುದು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಸೆರಗು ಸರಿದಾಗ ಕಿವಿಯ ಕೆಳಗಿನಿಂದ ಕೊರಳ ಮಧ್ಯದವರೆಗೆ ಹರಿದ ಹೊಲಿಗೆಯ ಗುರುತು ಕಾಣುತ್ತದೆ. ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಿದ್ದವರು. ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ದವಡೆಯ ಒಂದು ಭಾಗ ಹೋಯಿತು. ಈಗ ಬಾಯಿಯ ಕ್ಯಾನ್ಸರು ಮತ್ತೆ ಬಂದಿದೆ, ಶ್ವಾಸಕೋಶಕ್ಕೂ ಇಳಿದಿದೆ. ಮಾತು ಸ್ವಲ್ಪ ತೊದಲು. ಅದಕ್ಕೇ ಮಗ ಅವರ ಪರವಾಗಿ ಉತ್ತರ ಕೊಡಲು ಸದಾ ಸಿದ್ಧ.

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಅಮ್ಮ, ಈ ಗಡ್ಡೆ ಪೂರ್ತಿ ಹೋಗಿಸೋ ಔಷಧ ನಮ್ಮ ಹತ್ರ ಇಲ್ಲ. ಬೆಳೆಯೋದನ್ನ ಸ್ವಲ್ಪ ದಿನ ತಡೀಬಹುದು. ನೋವು ಕಮ್ಮಿ ಮಾಡಬಹುದು. ಅಷ್ಟು ನಮ್ಮ ಕೈಲಿದೆ."

ಆಕೆ ಡಾಕ್ಟರನ್ನು ನೋಡುವುದಿಲ್ಲ, ಮಗನ ಕಡೆ ತಿರುಗುತ್ತಾರೆ.

"ನಿನಗ ಗೊತ್ತಿತ್ತೇನ?"

ಹುಡುಗ ತಲೆ ತಗ್ಗಿಸುತ್ತಾನೆ. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಮುಂದ ಹೇಳ್ರಿ ಸಾಹೇಬ್ರ," ಎನ್ನುತ್ತಾರೆ.

ಮುಂದಿನದು ಉದ್ದ. ಒಪ್ಪಿಗೆ ಪತ್ರ ಇಪ್ಪತ್ತು ಪುಟ ದಾಟಿದೆ, ಒಂದು ಪ್ರತಿ ನಿಮ್ಮ ಕೈಯಲ್ಲೂ ಇದೆ. ಡಾಕ್ಟರು ಹೇಳುತ್ತಿರುವುದನ್ನು ನೀವು ಬೆರಳಿಟ್ಟು ಹಿಂಬಾಲಿಸುತ್ತೀರಿ. ಎರಡು ಗುಂಪು. ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡುವ ಗುಳಿಗೆಗಳು: ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನವೂ ಸೆಲೆಕಾಕ್ಸಿಬ್. ಇನ್ನೊಂದು ಗುಂಪಿಗೆ ಅದೇ ಗುಳಿಗೆಗಳ ಜೊತೆ ಮೂರು ವಾರಕ್ಕೊಮ್ಮೆ ಹೊಸ ಇಂಜೆಕ್ಷನ್. ಯಾರು ಯಾವ ಗುಂಪು ಎಂಬುದನ್ನು ಕಂಪ್ಯೂಟರ್ ಗೊತ್ತುಮಾಡುತ್ತದೆ. ಹೊಸ ಔಷಧದಿಂದ ಶ್ವಾಸಕೋಶ, ಪಿತ್ತಜನಕಾಂಗ ಊದಿಕೊಳ್ಳಬಹುದು. ಹೆಚ್ಚುವರಿ ರಕ್ತಪರೀಕ್ಷೆ, ಮತ್ತೊಂದು ಬಯಾಪ್ಸಿ ಬೇಕು. ಯಾವಾಗ ಬೇಕಾದರೂ ಬಿಡಬಹುದು. ಡಾಕ್ಟರು ಒಳ್ಳೆಯವರು, ಸ್ಪಷ್ಟವಾಗಿಯೇ ಹೇಳುತ್ತಿದ್ದಾರೆ. ಆದರೆ ಹೊರಗೆ ಕಾಯುತ್ತಿರುವವರ ಗದ್ದಲ ಬಾಗಿಲ ಸಂದಿಯಿಂದ ಒಳಗೆ ಬರುತ್ತಿದೆ, ಪುಟ ತಿರುವುವ ವೇಗ ಹೆಚ್ಚುತ್ತಿದೆ.

"ಅರ್ಥ ಆಯ್ತಾ ಅಮ್ಮ?"

"ಹ್ಞೂಂ ರೀ."

ಕೋಣೆಯಲ್ಲಿ ಎಲ್ಲರ ಭುಜವೂ ಸಡಿಲಾಗುತ್ತದೆ. ಕೋಆರ್ಡಿನೇಟರ್ ಶಾಯಿಯ ಡಬ್ಬಿ ತೆರೆಯುತ್ತಾರೆ. ನಿಮ್ಮ ಮುಂದೆಯೂ ಒಂದು ಪುಟ ಬರುತ್ತದೆ: ಮಾಹಿತಿಯನ್ನು ಸರಿಯಾಗಿ ಹೇಳಲಾಯಿತು, ಅದು ರೋಗಿಗೆ ಅರ್ಥವಾದಂತೆ ಕಂಡಿತು, ಸ್ವಂತ ಇಷ್ಟದಿಂದ ಒಪ್ಪಿದರು. ಕೆಳಗೆ ನಿಮ್ಮ ರುಜು.

ತಡೆಯಿರಿ. ಆ ಪೆನ್ನನ್ನು ಕೆಳಗಿಡಿ.

ಆಕೆಗೆ ಓದು ಬಾರದು, ಆದ್ದರಿಂದ ಅರ್ಥವಾಗಿರಲಾರದು ಎಂದು ನಾನು ತಡೆಯುತ್ತಿಲ್ಲ. ಬೋಸ್ಟನ್ನಿನ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಟ್ರಯಲ್‌ಗೆ ಸೇರಿದ್ದ 207 ಜನರ ಸಮೀಕ್ಷೆಯೊಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತಮ್ಮಿಂದ ಒಪ್ಪಿಗೆ ಪಡೆದ ರೀತಿ ಚೆನ್ನಾಗಿತ್ತು ಎಂದವರು ಶೇ 90. ಅದೇ ಜನರಲ್ಲಿ ಶೇ 74 ಮಂದಿಗೆ ತಾವು ಪಡೆಯುತ್ತಿರುವುದು ರೂಢಿಯ ಚಿಕಿತ್ಸೆಯಲ್ಲ ಎಂಬುದು ಹೊಳೆದಿರಲಿಲ್ಲ. ಅದರ ಗುಣ ಇನ್ನೂ ಸಾಬೀತಾಗಿಲ್ಲ ಎಂಬುದು ಶೇ 70 ಮಂದಿಗೆ ತಿಳಿದಿರಲಿಲ್ಲ. ಸೇರುವುದರಿಂದ ಹೆಚ್ಚಿನ ಅಪಾಯ ಇರಬಹುದೆಂಬುದು ಶೇ 63 ಮಂದಿಗೆ ಗೊತ್ತಿರಲಿಲ್ಲ. ಅವರೆಲ್ಲ ಒಪ್ಪಿಗೆ ಪತ್ರಕ್ಕೆ ತಮ್ಮ ಕೈಯಾರೆ ರುಜು ಹಾಕಿದ್ದವರು. ಶಿಕಾಗೊದಲ್ಲಿ ಮೊದಲ ಹಂತದ ಟ್ರಯಲ್‌ಗೆ ಸೇರಿದ್ದ 30 ಜನರನ್ನು ಕೇಳಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಯಿತು. ಎಲ್ಲವೂ ಅಥವಾ ಬಹುಪಾಲು ಅರ್ಥವಾಗಿದೆ ಎಂದವರು ಶೇ 93. ಆ ಟ್ರಯಲ್ ಯಾತಕ್ಕೆಂದು ಹೇಳಬಲ್ಲವರಾಗಿದ್ದದ್ದು ಮೂರರಲ್ಲಿ ಒಂದು ಪಾಲು.

ಹಾಗಾಗಿ 'ಹ್ಞೂಂ' ಎಂಬುದರ ಮೇಲೆ ರುಜು ಹಾಕಬೇಡಿ. ಆಕೆ ಅದನ್ನು ಮರ್ಯಾದೆಗೆ ಹೇಳಿರಬಹುದು. ದೊಡ್ಡ ಡಾಕ್ಟರು ಇಷ್ಟು ಹೊತ್ತು ಕೂತು ಮಾತಾಡಿದ್ದಾರೆ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಡಾಕ್ಟರು ಏನು ಹೇಳಿದರೆಂದು ಆಕೆಯ ಬಾಯಿಂದಲೇ ಕೇಳಿ. ಹುಡುಗನಿಗೆ ಕೈ ಸನ್ನೆ ಮಾಡಿ, ಅವನು ಉತ್ತರಿಸಬಾರದು.

ನೀವು ಕೇಳುತ್ತೀರಿ. ಆಕೆ ನಿಧಾನಕ್ಕೆ, ಹೊಲಿದ ದವಡೆಯಿಂದ ಒಂದೊಂದೇ ಮಾತು ಎತ್ತಿ ಇಡುತ್ತಾರೆ.

"ಹೊಸಾ ಔಷಧ ಬಂದೈತಂತ್ರಿ. ಫಾರಿನ್ದು. ಹಳೇದಕ್ಕಿಂತ ಚಲೋದು. ಸಾಹೇಬ್ರು ನನ್ನ ಸಲುವಾಗಿ ಆರಿಸ್ಯಾರ. ರೊಕ್ಕಾ ಕೊಡೂದು ಬ್ಯಾಡಂತ."

ಕೋಆರ್ಡಿನೇಟರ್ ಶಾಯಿ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಡಾಕ್ಟರ ಮುಖದಲ್ಲಿ ಬೇಸರವಿಲ್ಲ, ಅಚ್ಚರಿಯೂ ಇಲ್ಲ. ಅವರು ಕ್ಯಾಮೆರಾದ ಕಡೆಗೊಮ್ಮೆ ನೋಡಿ, ಹೊರಗಿನ ನರ್ಸಿಗೆ ಇನ್ನು ಅರ್ಧ ಗಂಟೆ ಯಾರನ್ನೂ ಕಳಿಸಬೇಡಿ ಎಂದು ಹೇಳಿ ಬರುತ್ತಾರೆ.

ಆಕೆ ಹೇಳಿದ್ದರಲ್ಲಿ ಔಷಧ ಹೊಸದು ಎಂಬುದು, ರೊಕ್ಕದ ಮಾತು, ಇಷ್ಟೇ ನಿಜ. ಉಳಿದದ್ದಕ್ಕೆ ವೈದ್ಯರ ಲೋಕದಲ್ಲಿ ಒಂದು ಹೆಸರಿದೆ: ಚಿಕಿತ್ಸೆಯ ಭ್ರಮೆ. 1982ರಲ್ಲಿ ಅಮೆರಿಕದ ಪಾಲ್ ಆ್ಯಪಲ್‌ಬಾಮ್ ಮತ್ತು ಜೊತೆಗಾರರು ಮನೋರೋಗ ಚಿಕಿತ್ಸಾಲಯಗಳಲ್ಲಿ ಇದನ್ನು ಗುರುತಿಸಿದರು. ಎಂದಿನ ಚಿಕಿತ್ಸೆಯಲ್ಲಿ ಡಾಕ್ಟರು ನಿಮ್ಮ ಮುಖ, ನಿಮ್ಮ ರಿಪೋರ್ಟು ನೋಡಿ ನಿಮಗೇ ಎಂದು ಔಷಧ ಬರೆಯುತ್ತಾರೆ. ಟ್ರಯಲ್‌ನಲ್ಲಿ ಮೊದಲೇ ಬರೆದಿಟ್ಟ ಕ್ರಮವೊಂದು ಎಲ್ಲರಿಗೂ ಅನ್ವಯವಾಗುತ್ತದೆ. ಪ್ರಶ್ನೆಯೊಂದಕ್ಕೆ ಉತ್ತರ ಕಂಡುಕೊಳ್ಳುವುದು ಅದರ ಗುರಿ. ಅದೇ ಡಾಕ್ಟರು, ಅದೇ ಬಿಳಿ ಕೋಟು, ಅದೇ ಆಸ್ಪತ್ರೆ. ಎರಡೂ ಬೇರೆ ಎಂದು ರೋಗಿಗೆ ಹೇಗೆ ತೋರಬೇಕು?

ಡಾಕ್ಟರು ಈ ಸಲ ಪತ್ರವನ್ನು ಮುಚ್ಚಿಡುತ್ತಾರೆ.

"ಅಮ್ಮ, ನಾನು ನಿಮಗೆ ಆರಿಸಿಲ್ಲ. ನನಗೆ ಆರಿಸೋ ಹಕ್ಕೇ ಇಲ್ಲ. ನಿಮ್ಮೂರಲ್ಲಿ ಚೀಟಿ ಎತ್ತಲ್ವಾ? ಹಾಗೆ. ಎರಡರಲ್ಲಿ ಒಂದು ಬರುತ್ತೆ. ಹೊಸ ಇಂಜೆಕ್ಷನ್ ಬರಬಹುದು, ಬರದೇನೂ ಇರಬಹುದು."

"ಯಾಕ್ರಿ ಚೀಟಿ? ಚಲೋದು ಯಾವ್ದು ಅಂತ ನಿಮಗ ಗೊತ್ತಿರೂದಿಲ್ಲೇನು?"

"ಗೊತ್ತಿಲ್ಲಮ್ಮ."

"ನಿಮಗಽ ಗೊತ್ತಿಲ್ಲಾ?"

"ನಿಜವಾಗ್ಲೂ ಗೊತ್ತಿಲ್ಲ. ಗೊತ್ತಿದ್ರೆ ಚೀಟಿ ಎತ್ತೋದು ತಪ್ಪಾಗ್ತಿತ್ತು."

ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ರೋಗಿಗೆ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ, ಡಾಕ್ಟರಿಗೂ ಇಲ್ಲ. ಇನ್ನೂರು ಮೈಲಿ ಬಸ್ಸಿನಲ್ಲಿ ಬಂದದ್ದು 'ಗೊತ್ತಿಲ್ಲ' ಎಂದು ಕೇಳಲಿಕ್ಕಲ್ಲವಲ್ಲ. ಆದರೆ ಆಕೆಯ ಕೊರಳಿನ ಆ ಹೊಲಿಗೆಯ ಗುರುತನ್ನೇ ನೋಡಿ. ಬಾಯಿಯ ಕ್ಯಾನ್ಸರು ಆರಂಭದ ಹಂತದಲ್ಲಿರುವಾಗ, ಕತ್ತಿನಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ಗ್ರಂಥಿಗಳನ್ನು ಮೊದಲ ಆಪರೇಷನ್ನಿನಲ್ಲೇ ತೆಗೆಯಬೇಕೇ, ಇಲ್ಲ ಗಂಟು ಎದ್ದ ಮೇಲೆ ತೆಗೆದರೆ ಸಾಕೇ ಎಂದು ಶಸ್ತ್ರವೈದ್ಯರು ದಶಕಗಟ್ಟಲೆ ವಾದ ಮಾಡಿದರು. ಎರಡೂ ಕಡೆ ದೊಡ್ಡವರಿದ್ದರು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಸ್ ಮತ್ತು ಸಂಗಡಿಗರು 2004ರಲ್ಲಿ ಟ್ರಯಲ್ ಶುರುಮಾಡಿ, ರೋಗಿಗಳನ್ನು ಎರಡು ಗುಂಪಾಗಿ ಹಂಚಿದರು. 500 ಜನರ ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದ ಹೊತ್ತಿಗೆ, ಮೊದಲೇ ತೆಗೆಸಿಕೊಂಡವರಲ್ಲಿ ಶೇ 80 ಮಂದಿ ಬದುಕಿದ್ದರು; ಕಾದವರಲ್ಲಿ ಶೇ 67.5. ವಾದ ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿಯ ಸರ್ಜನ್ನರು ಈಕೆಯ ಕತ್ತಿಗೆ ಮೊದಲ ಸಲವೇ ಕೈ ಹಾಕಿದ್ದು ಅಂಥ ತಿಳಿವಳಿಕೆಯ ಬಲದಿಂದ. ಈಕೆಗೆ ರೋಗ ಮರಳಿತು, ನಿಜ. ಆದರೆ ಮರಳದೆ ಮನೆಯಲ್ಲಿರುವ ಎಷ್ಟೋ ಜನ ಇದ್ದಾರೆ.

ಆ ಹಳೆಯ ಗುಳಿಗೆಗಳೂ ಟ್ರಯಲ್‌ನಲ್ಲೇ ಗೆದ್ದು ಬಂದವು. ಮುಂಬೈಯಲ್ಲೇ 422 ರೋಗಿಗಳಲ್ಲಿ ಈ ಅಗ್ಗದ ಗುಳಿಗೆಗಳನ್ನೂ ಸಲೈನಿನಲ್ಲಿ ಹಾಕುವ ಸಿಸ್‌ಪ್ಲಾಟಿನ್ನನ್ನೂ ಹೋಲಿಸಿ ನೋಡಿದ ಫಲಿತಾಂಶ 2020ರಲ್ಲಿ ಬಂತು. ಗುಳಿಗೆಯವರಲ್ಲಿ ಅರ್ಧದಷ್ಟು ಜನ 7.5 ತಿಂಗಳು ದಾಟಿದ್ದರು, ಸಲೈನಿನವರಲ್ಲಿ 6.1 ತಿಂಗಳು. ಸಣ್ಣ ಗೆಲುವು. ಈ ರೋಗದಲ್ಲಿ ಗೆಲುವುಗಳು ಹೀಗೇ ಬರುತ್ತವೆ.

"ಹೊಸಾದಂದ್ರ ಚಲೋದಽ ಇರ್ತೈತಲ್ರಿ," ಎನ್ನುತ್ತಾನೆ ಮಗ, ತಡೆಯಲಾರದೆ.

ಇರಲೇಬೇಕೆಂದಿಲ್ಲ. ತೊಂಬತ್ತರ ದಶಕದ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ವಿಪರೀತ ಪ್ರಮಾಣದ ಕೀಮೋ ಕೊಟ್ಟು, ಜೊತೆಗೆ ಅಸ್ಥಿಮಜ್ಜೆ ಕಸಿ ಮಾಡುವ ಹೊಸ ಕ್ರಮ ಹಬ್ಬಿತು. ಹೆಂಗಸರು ಅದಕ್ಕಾಗಿ ವಿಮಾ ಕಂಪನಿಗಳ ಮೇಲೆ ಕೇಸು ಹಾಕಿದರು. ಹಳೆಯ ಚಿಕಿತ್ಸೆಯ ಗುಂಪಿಗೆ ಬಿದ್ದುಬಿಟ್ಟೇವೆಂಬ ಹೆದರಿಕೆಯಿಂದ ಟ್ರಯಲ್‌ಗೆ ಸೇರುವವರು ಸಿಗುವುದೇ ಕಷ್ಟವಾಯಿತು. ಹೊರಗೆ ಸಾವಿರಾರು ಮಂದಿ ಅದನ್ನು ಮಾಡಿಸಿಕೊಂಡರು, ಕೆಲವರು ಅದರಿಂದಲೇ ಸತ್ತರು. 1999ರಲ್ಲಿ ಕೊನೆಗೂ ಐದು ಟ್ರಯಲ್‌ಗಳ ಫಲಿತಾಂಶ ಒಟ್ಟಿಗೆ ಬಂದಾಗ ನಾಲ್ಕರಲ್ಲಿ ಲಾಭ ಕಾಣಲಿಲ್ಲ. ಲಾಭ ತೋರಿಸಿದ ಐದನೆಯದು, ದಕ್ಷಿಣ ಆಫ್ರಿಕದ ವರ್ನರ್ ಬೆಜ್ವೋಡಾ ಅವರದು, ಸುಳ್ಳು ಎಂಬುದು ಮರುವರ್ಷ ಬಯಲಾಯಿತು.

ಡಾಕ್ಟರು ಇದನ್ನೆಲ್ಲ ಆಕೆಗೆ ಹೇಳುವುದಿಲ್ಲ. "ಹೊಸದು ಕೆಟ್ಟದ್ದೂ ಆಗಿರಬಹುದಪ್ಪ. ಅದಕ್ಕೇ ನೋಡ್ತಿರೋದು," ಎನ್ನುತ್ತಾರೆ.

ಆಗ ಹುಡುಗನ ಕಣ್ಣು ಒಪ್ಪಿಗೆ ಪತ್ರದ ಕೊನೆಯ ಪುಟದ ಮೇಲೆ ಬೀಳುತ್ತದೆ. ಅಲ್ಲಿ ರೋಗಿಯ ಉದ್ಯೋಗ, ವರ್ಷದ ಆದಾಯ ಬರೆಯುವ ಜಾಗ. ಕೆಳಗೆ ನಾಮಿನಿಯ ಹೆಸರು, ವಿಳಾಸ.

"ನಾಮಿನಿ ಯಾಕ್ರಿ? ಇದೇನು ಎಲ್‌ಐಸಿ ಏನ್ರಿ? ಪ್ರಯೋಗ ಅಂದ್ರ ಅವ್ವನ ಮ್ಯಾಲೆ ಪ್ರಯೋಗ ಮಾಡ್ತೀರೇನು? ಕೇರಳದಾಗ ಏನೋ ಆಗಿತ್ತಂತ ವಿಡಿಯೋದಾಗ ನೋಡೀನ್ರಿ."

ಅವನ ಹೆದರಿಕೆಯನ್ನು ತಳ್ಳಿಹಾಕಬೇಡಿ. ಆದದ್ದು ನಿಜ. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ರಾಸಾಯನಿಕವನ್ನು ಬಾಯಿ ಕ್ಯಾನ್ಸರಿನ ರೋಗಿಗಳ ಗಡ್ಡೆಗೆ ಚುಚ್ಚಿ ನೋಡಲಾಯಿತು. ಈಕೆಯಂಥದೇ ರೋಗ, ಈಕೆಯಂಥದೇ ಜನ. 2001ರಲ್ಲಿ ಅಲ್ಲಿನ ವೈದ್ಯರೊಬ್ಬರೇ ದನಿ ಎತ್ತಿದ್ದರಿಂದ ಅದು ಹೊರಬಿತ್ತು. ತನ್ನ ಪರಿಶೀಲನಾ ಸಮಿತಿಯ ಅನುಮತಿಯಿಲ್ಲದೆ ಅದು ನಡೆದಿತ್ತೆಂದು ವಿಶ್ವವಿದ್ಯಾಲಯವೇ ಒಪ್ಪಿಕೊಂಡಿತು. ಈ ಕ್ಯಾಮೆರಾ, ಈ ಇಪ್ಪತ್ತು ಪುಟ, ಈ ಸಾಕ್ಷಿ, ಇವೆಲ್ಲ ಅಂಥ ತಪ್ಪುಗಳು ಒಂದಾದ ಮೇಲೊಂದು ನಡೆದ ದೇಶದಲ್ಲಿ ಜನ ಹೋರಾಡಿ ಪಡೆದದ್ದು.

ಕೋಆರ್ಡಿನೇಟರ್ ಹುಡುಗನ ಪಕ್ಕಕ್ಕೆ ಬಂದು ಕೂರುತ್ತಾರೆ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ. ಅದರಿಂದಲೇ ಜೀವ ಹೋದರೆ ಪರಿಹಾರ ನಾಮಿನಿಗೆ ಸಲ್ಲುತ್ತದೆ, ಅದಕ್ಕೇ ಆ ಹೆಸರು. ನೈತಿಕ ಸಮಿತಿಯ ಫೋನ್ ನಂಬರು ಎಲ್ಲಿದೆ ಎಂದು ತೋರಿಸುತ್ತಾರೆ. ಆ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಆಸ್ಪತ್ರೆಯ ಹೊರಗಿನವರು. ಕಾನೂನು ತಿಳಿದವರು, ವೈದ್ಯರಲ್ಲದ ಸಾಮಾನ್ಯರು ಇರಲೇಬೇಕು. ಸಿಟಿಆರ್‌ಐ ಎಂಬ, ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ತಾಣದ ಸಂಖ್ಯೆಯನ್ನೂ ತೋರಿಸುತ್ತಾರೆ. ದೇಶದಲ್ಲಿ ನಡೆಯುವ ಪ್ರತಿ ಟ್ರಯಲ್ ಅಲ್ಲಿ ದಾಖಲಾಗಬೇಕು, 2009ರ ಜೂನ್ 15ರಿಂದ ಅದು ಕಡ್ಡಾಯ. ಹುಡುಗ ಮೊಬೈಲಿನಲ್ಲಿ ಹುಡುಕುತ್ತಾನೆ. ಸಿಗುತ್ತದೆ, ಆದರೆ ಎಲ್ಲ ಇಂಗ್ಲಿಷಿನಲ್ಲಿ. ಇದು ನನಗೆ ಸಿಟ್ಟು ತರಿಸುವ ಸಂಗತಿ. ಯಾರ ಮೈಮೇಲೆ ಟ್ರಯಲ್ ನಡೆಯುತ್ತದೋ ಅವರ ಭಾಷೆಯಲ್ಲಿ ಅದರ ನಾಲ್ಕು ಸಾಲು ಸಾರಾಂಶವಾದರೂ ಇರಬೇಕು.

ಅಷ್ಟರಲ್ಲಿ ತಾಯಿಯೇ ಕೇಳುತ್ತಾರೆ.

"ಮೂರು ವಾರಕ್ಕೊಮ್ಮೆ ಬರಾಕ ಬಸ್ ಚಾರ್ಜು ಯಾರು ಕೊಡ್ತಾರ?" ಕೊಡುತ್ತಾರೆ, ಪತ್ರದಲ್ಲಿದೆ. "ನಡುವ ಬಿಟ್ರ ಸಿಟ್ಟಾಗ್ತೀರೇನು?" ಇಲ್ಲ, ಚಿಕಿತ್ಸೆಯೂ ನಿಲ್ಲುವುದಿಲ್ಲ. "ನನ್ನ ಹೆಸರು ಪೇಪರಿನಾಗ ಬರ್ತೈತೇನು?" ಬರುವುದಿಲ್ಲ. "ಚೀಟಿ ಎದ್ದ ಮ್ಯಾಲೆ ಹಳೇ ಗುಳಿಗಿ ಬಂತಂದ್ರ, ನನ್ನ ಬಿಟ್ಟುಬಿಡ್ತೀರೇನು?" ಇಲ್ಲಮ್ಮ, ಎರಡೂ ಗುಂಪನ್ನು ಒಂದೇ ರೀತಿ ನೋಡಿಕೊಳ್ಳುತ್ತೇವೆ. "ಅಂದ್ರ ನನ್ನ ಲೆಕ್ಕಾ ಬರಕೊಂಡು ಮುಂದ ಬರೋರಿಗೆ ಯಾವ ಔಷಧ ಅಂತ ಗೊತ್ತುಮಾಡ್ತೀರಿ."

"ಹೌದಮ್ಮ. ಅದೇ."

ಒಪ್ಪಿಗೆ ಪತ್ರದಲ್ಲಿ ಮೂರು ಪುಟ ತೆಗೆದುಕೊಂಡ ಮಾತಿದು. ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

ಶಾಯಿ ಡಬ್ಬಿ ಮತ್ತೆ ತೆರೆಯುವುದಿಲ್ಲ. ಡಾಕ್ಟರು ಪತ್ರದ ಒಂದು ಪ್ರತಿಯನ್ನು ಹುಡುಗನ ಕೈಗೆ ಕೊಟ್ಟು, ಧರ್ಮಶಾಲೆಯಲ್ಲಿ ರಾತ್ರಿ ತಾಯಿಗೆ ಓದಿ ಹೇಳು, ನಾಳೆಯೋ ನಾಡಿದ್ದೋ ಬನ್ನಿ ಎನ್ನುತ್ತಾರೆ. ಬೋಸ್ಟನ್ನಿನ ಸಮೀಕ್ಷೆಯಲ್ಲೂ, ಮೊದಲ ಮಾತುಕತೆಯಲ್ಲೇ ರುಜು ಹಾಕದವರಿಗೆ, ಮಾತಾಡುವಾಗ ನರ್ಸ್ ಒಬ್ಬರು ಜೊತೆಗಿದ್ದವರಿಗೆ, ಪತ್ರವನ್ನು ನಿಧಾನವಾಗಿ ಓದಿದವರಿಗೆ ಹೆಚ್ಚು ತಿಳಿದಿತ್ತು. ಇದರಲ್ಲಿ ದುಡ್ಡಿನ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹೊತ್ತು ಬೇಕು, ಅಷ್ಟೆ. ನಮ್ಮ ಆಸ್ಪತ್ರೆಗಳಲ್ಲಿ ಇಲ್ಲದಿರುವುದೂ ಅದೇ.

ಮರುದಿನ ಬೆಳಿಗ್ಗೆ ಅದೇ ಕೋಣೆ. ಕ್ಯಾಮೆರಾದ ಕೆಂಪು ದೀಪ ಹೊತ್ತಿದೆ. ಹೇಳಿ ಎಂದಾಗ ಮಗನೇ ಶುರುಮಾಡುತ್ತಾನೆ: "ಅವ್ವಗ ಹೊಸಾ ಇಂಜೆಕ್ಷನ್ ಕೊಡ್ತಾರ..."

"ಕೊಡ್ತಾರ ಅಂತ ಯಾರಂದ್ರು ತಮ್ಮಾ?" ತಾಯಿ ಅವನನ್ನು ತಡೆಯುತ್ತಾರೆ. "ಚೀಟಿ ಎದ್ದರ ಕೊಡ್ತಾರ. ಕೊಟ್ಟರೂ ಬಗೀ ಹರೀತೈತಿ ಅಂತಿಲ್ಲ. ತ್ರಾಸೂ ಆಗಬಹುದು. ನನ್ನ ಗಡ್ಡಿ ಪೂರಾ ಹೋಗೂದಿಲ್ಲ, ಅದು ಎರಡರಾಗೂ ಇಲ್ಲ. ಬ್ಯಾಡ ಅನಿಸಿದ್ರ ಬಿಡ್ತೀನಿ."

ಈಗ ಪೆನ್ನು ತೆಗೆದುಕೊಳ್ಳಿ. ಹೆಬ್ಬೆಟ್ಟಿನ ಗುರುತಿನ ಕೆಳಗೆ ನಿಮ್ಮ ಹೆಸರು, ತಾರೀಕು ಬರೆಯಿರಿ.

ಸ್ಕ್ಯಾನು, ರಕ್ತಪರೀಕ್ಷೆ, ಬಯಾಪ್ಸಿ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನೀವು ಅದೇ ಕಾರಿಡಾರಿನಲ್ಲಿರುವಾಗ ಕೋಆರ್ಡಿನೇಟರ್ ಹೊರಗೆ ಬರುತ್ತಾರೆ. ಕಂಪ್ಯೂಟರಿನ ಉತ್ತರ ಬಂದಿದೆ: ಹಳೆಯ ಗುಂಪು, ಗುಳಿಗೆ ಮಾತ್ರ. ಹುಡುಗನ ಮುಖ ಇಳಿದುಹೋಗುತ್ತದೆ, ಇನ್ನೊಂದು ಸಲ ಒತ್ತಿ ನೋಡ್ರಿ ಮೇಡಂ ಎನ್ನುತ್ತಾನೆ. ತಾಯಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸುತ್ತಾರೆ.

"ಎರಡರಾಗ ಒಂದಂತ ಮೊದಲಽ ಹೇಳಿದ್ರಲ್ಲೋ. ಮೇಡಂ, ವಾರದ ಗುಳಿಗಿ ಯಾವ ವಾರ ನುಂಗೂದ್ರಿ? ಸ್ವಾಮಾರ ನಮ್ಮನ್ಯಾಗ ಒಪ್ಪತ್ತು ಇರ್ತೈತಿ."